ಮೂರೂವರೆ ತಲೆಯ ರಾಕ್ಷಸನಿಗೆ ದಾರವೋ ಅಂಟೋ

ಆ ಗ್ರಂಥಾಲಯದಲ್ಲಿ ಒಂದು ಪುಸ್ತಕ ಓದಲು ಯೋಗ್ಯವೋ ಅಲ್ಲವೋ ಎಂದು ತಿಳಿಯಲು ಯಾರೂ ಮುನ್ನುಡಿ ಓದುತ್ತಿರಲಿಲ್ಲ. ಬೆನ್ನುಡಿಯನ್ನಂತೂ ಯಾರೂ ನಂಬುತ್ತಿರಲಿಲ್ಲ. ಬೆನ್ನುಡಿಯಲ್ಲಿ ‘ಇದು ಸಪ್ಪೆ ಪುಸ್ತಕ’ ಎಂದು ಬರೆದದ್ದನ್ನು ಈವರೆಗೆ ಯಾರು ಕಂಡಿದ್ದಾರೆ? ಅಲ್ಲಿಯ ಓದುಗರ ದಾರಿಯೇ ಬೇರೆ. ಪುಸ್ತಕವನ್ನು ಕಪಾಟಿನಿಂದ ಇಳಿಸಿ, ಅತ್ತ ಇತ್ತ ನೋಡಿ, ನಡುಭಾಗಕ್ಕೆ ತೆರೆದು, ಎರಡು ಹಾಳೆ ಕೂಡುವ ಸಂದಿಯಲ್ಲಿ ಕಣ್ಣಿಡುತ್ತಿದ್ದರು. ಅಲ್ಲಿ ಬಿಳಿ ದಾರ ಕಂಡರೆ ಪುಸ್ತಕ ಅವರ ಚೀಲ ಸೇರುತ್ತಿತ್ತು. ದಾರವಿಲ್ಲದೆ ಬರೀ ಅಂಟು ಕಂಡರೆ, ಏನೂ ಆಗದವರ ಹಾಗೆ ಅದನ್ನು ಇದ್ದಲ್ಲೇ ತೂರಿಸಿ ಮುಂದಕ್ಕೆ ಹೋಗುತ್ತಿದ್ದರು.

ದಾರ ಹಾಕುತ್ತಿದ್ದವಳು ದಾರದಕ್ಕ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಗ್ರಂಥಾಲಯದ ಹಿಂಭಾಗದಲ್ಲಿ ಅವಳದೊಂದು ಕೋಣೆ. ಒಂದು ಉದ್ದನೆಯ ಮೇಜು, ಕಬ್ಬಿಣದ ಒತ್ತುಯಂತ್ರ, ಮೇಣದ ಉಂಡೆ, ನಾಲ್ಕು ಸೂಜಿ, ಒಲೆಯ ಮೇಲೆ ಅಂಟಿನ ಡಬ್ಬಿ, ಪಕ್ಕದಲ್ಲಿ ಒಂದು ಚಹಾದ ಲೋಟ. ಅಂಟಿನ ಕುಂಚವನ್ನು ಚಹಾದಲ್ಲಿ ಅದ್ದಿದ ಪ್ರಸಂಗ ಎರಡು ಸಲ ನಡೆದಿತ್ತು. ಚಹಾ ಎಂದು ಅಂಟು ಕುಡಿದ ಪ್ರಸಂಗ ನಡೆದೇ ಇಲ್ಲ ಎಂದು ಅವಳು ಹೇಳುತ್ತಿದ್ದಳು, ನಾವು ನಂಬಬೇಕು.

ಹೊಸ ಪುಸ್ತಕಗಳು ಬರುವುದು ತೆಳ್ಳಗಿನ ಹೊದಿಕೆಯಲ್ಲಿ. ನಾಲ್ಕು ಕೈ ಬದಲಾಗುವಷ್ಟರಲ್ಲಿ ಅವುಗಳ ಹಾಳೆ ಉದುರತೊಡಗುತ್ತವೆ. ಹಾಗಾಗಿ ಯಾವ ಪುಸ್ತಕವೂ ಈ ಕೋಣೆಯನ್ನು ಹಾಯದೆ ಕಪಾಟು ಸೇರುವಂತಿರಲಿಲ್ಲ. ದಾರದಕ್ಕ ಮೊದಲು ಹೊದಿಕೆ ಕಿತ್ತು, ಹಳೆಯ ಅಂಟನ್ನು ಕೆರೆದು, ಪುಸ್ತಕವನ್ನು ಹದಿನಾರು ಹದಿನಾರು ಪುಟಗಳ ಮಡಿಕೆಗಳಾಗಿ ಬಿಡಿಸುತ್ತಿದ್ದಳು. ಆ ಒಂದೊಂದು ಮಡಿಕೆಗೆ ಫಾರಂ ಎನ್ನುತ್ತಾರೆ. ಫಾರಂಗಳನ್ನು ಮತ್ತೆ ಕೂಡಿಸಲು ಎರಡು ದಾರಿ. ಒಂದು, ಬೆನ್ನಿಗೆ ಅಂಟು ಬಳಿದು ಬಟ್ಟೆ ಅಂಟಿಸುವುದು. ಅರ್ಧ ಗಂಟೆಯ ಕೆಲಸ. ಇನ್ನೊಂದು, ಒಂದೊಂದೇ ಫಾರಂನ ನಡು ಮಡಿಕೆಯಲ್ಲಿ ಸೂಜಿ ಆಡಿಸಿ ಎಲ್ಲವನ್ನೂ ದಾರದಲ್ಲಿ ಕಟ್ಟುವುದು. ಅರ್ಧ ದಿನದ ಕೆಲಸ. ಆದರೆ ಹಾಗೆ ಹೊಲಿದ ಪುಸ್ತಕ ಮೊಮ್ಮಕ್ಕಳ ಕಾಲಕ್ಕೂ ಜಗ್ಗುವುದಿಲ್ಲ.

ಎಲ್ಲಕ್ಕೂ ದಾರ ಹಾಕುತ್ತ ಕೂತರೆ ಹೊಸ ಪುಸ್ತಕಗಳ ರಾಶಿ ಸೂರು ಮುಟ್ಟುತ್ತಿತ್ತು. ಆದ್ದರಿಂದ ಅವಳು ಒಂದು ಕ್ರಮ ಮಾಡಿಕೊಂಡಿದ್ದಳು. ಯಾವುದು ಹತ್ತಾರು ಕೈಗಳಲ್ಲಿ ಓಡಾಡುತ್ತದೋ ಅದಕ್ಕೆ ದಾರ. ಯಾವುದು ಕಪಾಟಿನಲ್ಲೇ ಕೂತು ಮುದಿಯಾಗುತ್ತದೋ ಅದಕ್ಕೆ ಅಂಟು. ಅದು ಗೊತ್ತಾಗಬೇಕಾದರೆ ಓದಬೇಕಲ್ಲ? ಪ್ರತಿ ಪುಸ್ತಕದ ಮೂರನೆಯ ಒಂದು ಭಾಗವನ್ನು ಅವಳು ಓದುತ್ತಿದ್ದಳು. ದಾರವೆಂದು ತೀರ್ಮಾನವಾದರೆ ಉಳಿದದ್ದನ್ನೂ ಓದುತ್ತಿದ್ದಳು: ಒಂದು ಫಾರಂ ಓದುವುದು, ಅದನ್ನು ಹೊಲಿಯುವುದು, ಮತ್ತೊಂದು ಫಾರಂ ಓದುವುದು, ಅದನ್ನು ಹೊಲಿಯುವುದು. ಅವಳಿಗೆ ಕೆಲಸ ಕಲಿಸಿದ ಹಳೆಯ ಬೈಂಡರು ಅಕ್ಷರದ ಕಡೆ ಕಣ್ಣೆತ್ತಿ ನೋಡದ ಮನುಷ್ಯ. ಆಕೆ ಓದುವುದನ್ನು ಕಂಡಾಗಲೆಲ್ಲ ಅವರು, “ಓದ್ತಾ ಹೊಲೀಬೇಡ ಕಣಮ್ಮ. ಒಂದಿನ ಫಾರಂ ಹಿಂದೆಮುಂದೆ ಮಾಡ್ತೀಯ, ನೋಡ್ತಿರು,” ಎನ್ನುತ್ತಿದ್ದರು. ಇಪ್ಪತ್ತಾರು ವರ್ಷಗಳಾದವು. ಬೈಂಡರು ತೀರಿಕೊಂಡರು. ಒಂದೇ ಒಂದು ಫಾರಂ ಹಿಂದೆಮುಂದೆ ಆಗಿರಲಿಲ್ಲ, ಅವಳಿಗೆ ಆ ವಿಷಯದಲ್ಲಿ ಸ್ವಲ್ಪ ಜಂಬವೂ ಇತ್ತು.

ಓದುಗರು ದಾರ ನೋಡಿ ಪುಸ್ತಕ ಒಯ್ಯುವ ಸಂಗತಿ ಅವಳಿಗೆ ಬಹಳ ಕಾಲ ಗೊತ್ತಿರಲಿಲ್ಲ. ಅದನ್ನು ಹೇಳಿದವರು ನಿವೃತ್ತ ನರ್ಸಮ್ಮ. ವಾರಕ್ಕೆ ಮೂರು ಪುಸ್ತಕ ಮುಗಿಸುವ ಆ ಹೆಂಗಸು ಒಂದು ದಿನ ಕೋಣೆಯ ಬಾಗಿಲಲ್ಲಿ ನಿಂತು, “ನೀವು ಹೊಲಿದದ್ದು ಇಲ್ಲೀವರೆಗೆ ನನಗೆ ಒಂದೂ ಮೋಸ ಮಾಡಿಲ್ಲ,” ಎಂದರು. ದಾರದಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು. ಅಲ್ಲಿಯವರೆಗೆ ಸೂಜಿ ಅವಳ ಸ್ವಂತದ್ದಾಗಿತ್ತು. ಇನ್ನು ಮುಂದೆ ಅದಕ್ಕೆ ನೂರಾರು ಜನ ಪಾಲುದಾರರು.

ಇನ್ನು ಅವಳ ಮನೆಯ ಕತೆ ಹೇಳಬೇಕು, ಯಾಕೆಂದರೆ ರಾಕ್ಷಸ ಹುಟ್ಟಿದ್ದು ಅಲ್ಲಿ.

ಅವಳ ಗಂಡ ಗೋಡೆ ಗಡಿಯಾರ ರಿಪೇರಿ ಮಾಡುವವನು. ಮಾತು ಕಡಿಮೆ, ಲೆಕ್ಕಾಚಾರ ಜಾಸ್ತಿ. ‘ಈಗ ಬಂದೆ’ ಎಂದವನು ಎಷ್ಟು ನಿಮಿಷಕ್ಕೆ ಬಂದ ಎಂಬುದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುವ ಜಾತಿ. ಅವಳ ಅಣ್ಣ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಮೈಕಿನಲ್ಲಿ ಪ್ರಕಟಣೆ ಕೂಗಿ ನಿವೃತ್ತನಾದವನು. ಅವನಿಗೆ ಪಿಸುಮಾತು ಎನ್ನುವುದೇ ಗೊತ್ತಿಲ್ಲ. ಪಕ್ಕದಲ್ಲಿ ಕೂತವರಿಗೆ ಉಪ್ಪು ಕೊಡಿ ಎಂದರೂ ಮೂರನೆಯ ಮನೆಯವರು ಉಪ್ಪಿನ ಡಬ್ಬಿ ಹುಡುಕಬೇಕು. ಇಬ್ಬರೂ ಒಬ್ಬರನ್ನೊಬ್ಬರು ‘ಭಾವ’ ಎಂದೇ ಕರೆಯುತ್ತಿದ್ದರು, ಆಗ ಚೆನ್ನಾಗಿಯೇ ಇದ್ದರು.

ಕೆಟ್ಟದ್ದು ಒಂದು ಏಣಿಯಿಂದ. ಅಣ್ಣ ತನ್ನ ಮನೆಯ ಬಲ್ಬು ಬದಲಿಸಲು ಭಾವನ ಅಂಗಡಿಯಿಂದ ಏಣಿ ಒಯ್ದ. ಹನ್ನೆರಡು ಮೆಟ್ಟಿಲಿನ ಏಣಿ ಹೋಗಿ ಹನ್ನೊಂದು ಮೆಟ್ಟಿಲಿನ ಏಣಿಯಾಗಿ ಮರಳಿತು. ಕೇಳಿದ್ದಕ್ಕೆ ಅಣ್ಣ, “ಅದು ಮೊದ್ಲೇ ಹನ್ನೊಂದಿತ್ತು,” ಎಂದುಬಿಟ್ಟ. ಗಡಿಯಾರದವನಿಗೆ ಹನ್ನೆರಡರವರೆಗೆ ಎಣಿಸಲು ಬರುವುದಿಲ್ಲ ಎಂದರೆ ಅವನು ಸಹಿಸುತ್ತಾನೆಯೆ? ಅಂದಿನಿಂದ ಇಬ್ಬರ ಬಾಯಿಗೂ ಬೀಗ ಬಿತ್ತು. ಒಂಬತ್ತು ವರ್ಷ. ಅಣ್ಣ ಮನೆಗೆ ಬಂದರೆ ಗಂಡ ಗಂಟುಮೋರೆ ಹಾಕಿಕೊಂಡು ಒಳಗಿನ ಕೋಣೆಯಲ್ಲಿ ಗಡಿಯಾರದ ಹೊಟ್ಟೆಗೆ ತಲೆ ತೂರಿಸಿ ಕೂರುತ್ತಿದ್ದ. ನಡುವೆ ಸಿಕ್ಕಿಕೊಂಡ ದಾರದಕ್ಕ, “ಅವ್ರು ಚೆನ್ನಾಗಿದ್ದೀರಾ ಅಂತ ಕೇಳ್ತಿದ್ದಾರೆ,” ಎಂದು ಅತ್ತ ಇತ್ತ ಸುಳ್ಳು ಸಾಗಿಸಿ ಸಾಕಾಗಿ ಹೋಗಿದ್ದಳು.

ಅವರನ್ನು ಒಂದು ಮಾಡಿದ್ದು ಹಲ್ಲುನೋವು. ದಂತವೈದ್ಯರ ಹೊರಕೋಣೆಯಲ್ಲಿ, ದವಡೆಗೆ ಸೂಜಿ ಚುಚ್ಚಿಸಿಕೊಂಡು, ಬಾಯ್ತುಂಬ ಹತ್ತಿ ಕಚ್ಚಿಕೊಂಡು ಇಬ್ಬರೂ ಅಕ್ಕಪಕ್ಕದ ಕುರ್ಚಿಯಲ್ಲಿ ಸಿಕ್ಕಿಬಿದ್ದರು. ಮಾತಾಡುವ ಹಾಗಿಲ್ಲ. ಮಾತಾಡದೆ ಇರುವುದು ಅಣ್ಣನ ಹಣೆಬರಹದಲ್ಲಿಲ್ಲ. ಅರ್ಧ ಗಂಟೆ ಚಡಪಡಿಸಿ, ಔಷಧಿ ಚೀಟಿಯ ಹಿಂದೆ ಅವನು ಬರೆದ: ‘ಮೂರೂವರೆ ತಲೆ ಇರೋ ರಾಕ್ಷಸನಿಗೆ ಹಲ್ಲುನೋವು ಬಂದ್ರೆ ಏನು ಮಾಡ್ತಾನೆ?’ ಬರೆದು ಭಾವನ ತೊಡೆಯ ಮೇಲಿಟ್ಟ. ಗಡಿಯಾರದವನು ಅದನ್ನು ಎರಡು ಸಲ ಓದಿ, ಒಂಬತ್ತು ವರ್ಷಗಳ ಮೌನ ಮುರಿದು, ಕೆಳಗೆ ಬರೆದ: ‘ಯಾವ ತಲೆಗೆ?’

ಮರುವಾರದಿಂದ ದಿನವೂ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಭಾವಂದಿರಿಬ್ಬರೂ ದಾರದಕ್ಕನ ಊಟದ ಮೇಜಿನ ಎರಡು ತುದಿಗೆ ಕೂತು ಕಾದಂಬರಿ ಬರೆಯತೊಡಗಿದರು. ಒಂದು ಅಧ್ಯಾಯ ಇವನು, ಒಂದು ಅಧ್ಯಾಯ ಅವನು. ಎರಡು ವರ್ಷ ನಡೆಯಿತು. ಅವಳು ಸಂಜೆ ಮನೆಗೆ ಬಂದರೆ ಮೇಜಿನ ಮೇಲೆ ಎರಡು ಲೋಟ ಜೊತೆಗಿರುತ್ತಿದ್ದವು. ಆ ಲೋಟಗಳನ್ನು ತೊಳೆಯುವಾಗ ಅವಳಿಗೆ ಆಗುತ್ತಿದ್ದ ಸಮಾಧಾನ ಅಷ್ಟಿಷ್ಟಲ್ಲ. ಇಬ್ಬರೂ ಹಸ್ತಪ್ರತಿ ಹಿಡಿದು ಓದು ಓದು ಎಂದು ದುಂಬಾಲು ಬಿದ್ದರೂ ಅವಳು ಮುಟ್ಟಲಿಲ್ಲ. “ಪುಸ್ತಕ ಆಗಿ ನನ್ನ ಮೇಜಿಗೆ ಬರಲಿ. ಆಗ ಓದ್ತೀನಿ,” ಎಂದಳು.

ಬಂತು. ಸಣ್ಣ ಮುದ್ರಣಾಲಯದಲ್ಲಿ ಅಚ್ಚಾದ ‘ಮೂರೂವರೆ ತಲೆಯ ರಾಕ್ಷಸ’, ಇನ್ನೂರಿಪ್ಪತ್ತನಾಲ್ಕು ಪುಟ, ಹದಿನಾಲ್ಕು ಫಾರಂ. ಗ್ರಂಥಪಾಲಕಿ ಅದನ್ನು ಹೊಸ ಪುಸ್ತಕಗಳ ರಾಶಿಯ ಮೇಲಿಟ್ಟು ಹೊರಟುಹೋದಳು. ಆ ಹೊತ್ತಿಗೆ ಸುದ್ದಿ ಓದುಗರಿಗೆಲ್ಲ ಮುಟ್ಟಿತ್ತು. ಗಂಡ ಮತ್ತು ಅಣ್ಣ ಸೇರಿ ಬರೆದ ಪುಸ್ತಕಕ್ಕೆ ದಾರದಕ್ಕ ದಾರ ಹಾಕುತ್ತಾಳೋ ಅಂಟು ಬಳಿಯುತ್ತಾಳೋ ಎಂದು ಎಲ್ಲರೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ನರ್ಸಮ್ಮನಂತೂ ಎರಡು ಸಲ ಬಾಗಿಲಿಗೆ ಬಂದು, ಸುಮ್ಮನೆ ಗಾಳಿ ಹೇಗಿದೆ ಎಂದು ಕೇಳಿ ಹೋದರು.

ಮನೆಯಲ್ಲಿಯೂ ಅದೇ ಪಾಡು. ಎಂದೂ ಅವಳಿಗೆಂದು ಚಹಾ ಮಾಡದ ಗಂಡ ಬೆಳಿಗ್ಗೆ ಒಂದು ಲೋಟ ಮಾಡಿ ತಂದ. ಅಣ್ಣ ಫೋನು ಮಾಡಿ, “ಏನಿಲ್ಲ, ಸುಮ್ನೆ ಮಾಡ್ದೆ,” ಎಂದ. ಅವನು ಸುಮ್ಮನೆ ಮಾಡಿದ್ದು ಅಕ್ಕಪಕ್ಕದವರಿಗೂ ಕೇಳಿಸಿತು.

“ಓದಿ ಹೇಳ್ತೀನಿ. ಇಬ್ರೂ ಬಾಯಿ ಮುಚ್ಕೊಂಡಿರಿ,” ಎಂದಳು ದಾರದಕ್ಕ.

ಹೊದಿಕೆ ಕಿತ್ತು, ಫಾರಂ ಬಿಡಿಸಿ, ಮೊದಲನೆಯದನ್ನು ಹಿಡಿದು ಕೂತಳು. ಆ ಮೊದಲ ಫಾರಂ ಚೆನ್ನಾಗಿರಲಿಲ್ಲ. ರಾಕ್ಷಸ ಮೊದಲ ಅಧ್ಯಾಯದಲ್ಲಿ ಬೆಟ್ಟದಿಂದ ಇಳಿದ. ಎರಡನೆಯ ಅಧ್ಯಾಯದಲ್ಲಿ, ಇನ್ನೊಬ್ಬರಿಗೂ ಅವನನ್ನು ಇಳಿಸುವ ಆಸೆಯಿದ್ದುದರಿಂದ, ಮತ್ತೊಮ್ಮೆ ಇಳಿದ. ಅಣ್ಣ ಬರೆದಲ್ಲೆಲ್ಲ ಎಲ್ಲರೂ ಪ್ರಕಟಣೆ ಕೂಗಿದಂತೆ ಮಾತಾಡುತ್ತಿದ್ದರು. ಗಂಡ ಬರೆದಲ್ಲಿ ರಾಕ್ಷಸ ಹಲ್ಲುಜ್ಜಲು ಒಂದು ಪುಟ, ಬಾಯಿ ಮುಕ್ಕಳಿಸಲು ಒಂದು ಪುಟ. ಒಂದೇ ಅಂಗಿಯ ಎರಡು ತೋಳನ್ನು ಇಬ್ಬರು ದರ್ಜಿಗಳು ಬೇರೆ ಬೇರೆ ಊರಲ್ಲಿ ಕೂತು ಹೊಲಿದಂತಿತ್ತು. ಎರಡನೆಯ ಫಾರಂ ಮುಗಿದಾಗ ಅವಳಿಗೆ ಒಂದು ಸಲವೂ ನಗು ಬಂದಿರಲಿಲ್ಲ.

ಅಂಟು ಹಾಕಿದರೆ ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಿನ್ನ ಅಧ್ಯಾಯದಿಂದ ಹೀಗಾಯಿತು ಎಂದು ಇವನು, ನಿನ್ನದರಿಂದ ಎಂದು ಅವನು. ಮತ್ತೆ ಒಂಬತ್ತು ವರ್ಷ ಅವಳು ಸುಳ್ಳು ಕ್ಷೇಮಸಮಾಚಾರ ಸಾಗಿಸಬೇಕು. ಮೇಜಿನ ಮೇಲೆ ಮತ್ತೆ ಒಂದೇ ಲೋಟ. ದಾರ ಹಾಕಿದರೆ? ನರ್ಸಮ್ಮ ನಂಬಿ ಒಯ್ಯುತ್ತಾರೆ. ಎರಡು ಸಲ ಬೆಟ್ಟ ಇಳಿದ ರಾಕ್ಷಸನನ್ನು ನೋಡಿ, ಪುಸ್ತಕ ತಂದಿಟ್ಟು, ಒಂದು ಮಾತೂ ಆಡದೆ ಹೋಗುತ್ತಾರೆ. ಆಮೇಲೆ ಯಾರೂ ನಡುಭಾಗ ತೆರೆದು ನೋಡುವುದಿಲ್ಲ. ಇಪ್ಪತ್ತಾರು ವರ್ಷಗಳ ದಾರವೆಲ್ಲ ಒಂದೇ ದಿನಕ್ಕೆ ಬರೀ ದಾರವಾಗುತ್ತದೆ. ಅವಳು ಎದ್ದು ಅಂಟಿನ ಡಬ್ಬಿಯ ಕೆಳಗೆ ಒಲೆ ಹಚ್ಚಿದಳು, ಕಣ್ಣಲ್ಲಿ ನೀರಿತ್ತು.

ಆದರೆ ನಿಯಮ ನಿಯಮವೇ. ಮೂರನೆಯ ಒಂದು ಭಾಗ ಓದದೆ ತೀರ್ಪಿಲ್ಲ. ಮುಂದಕ್ಕೆ ಓದಿದಳು.

ನಾಲ್ಕನೆಯ ಫಾರಂನಲ್ಲಿ ಪುಟದ ಅಡಿಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಕಾಣಿಸಿಕೊಂಡಿತು: ‘ರಾಕ್ಷಸ ಮೂರು ಗಂಟೆಗೆ ಮಲಗಿದನೆಂದು ಭಾವ ಬರೆದಿದ್ದಾರೆ. ಹಾಗಿದ್ದರೆ ಅದೇ ಮಧ್ಯಾಹ್ನ ಎರಡೂವರೆಗೆ ಏಳಲು ಸಾಧ್ಯವಿಲ್ಲ.’ ಮುಂದಿನ ಪುಟದಲ್ಲಿ ರಾಕ್ಷಸನ ನಡುವಿನ ತಲೆ ಕೆಳಗೆ ಬಗ್ಗಿ, ಆ ಟಿಪ್ಪಣಿಯನ್ನು ಓದಿ, ‘ಪ್ರಯಾಣಿಕರ ಗಮನಕ್ಕೆ: ಅಡಿಯಲ್ಲಿ ಯಾರೋ ಗಡಿಯಾರ ಹಿಡಿದು ಕೂತಿದ್ದಾರೆ, ಅವರನ್ನು ತುಳಿಯಬೇಡಿ,’ ಎಂದು ಪ್ರಕಟಿಸಿತು. ದಾರದಕ್ಕ ಫಕ್ಕನೆ ನಕ್ಕಳು. ಇಬ್ಬರು ಸರದಿಯಲ್ಲಿ ಬರೆಯುವುದನ್ನು ಬಿಟ್ಟು ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕತೊಡಗಿದ ಜಾಗ ಅದು. ಅಲ್ಲಿಂದ ರಾಕ್ಷಸನಿಗೆ ಜೀವ ಬಂದಿತ್ತು. ಅವನ ಅರ್ಧ ತಲೆಗೆ ಬಾಯಿ ಇತ್ತು, ಕಿವಿ ಇರಲಿಲ್ಲ. ಹೇಳುವುದಷ್ಟೇ ಗೊತ್ತು, ಕೇಳುವುದು ಗೊತ್ತಿಲ್ಲ. ಆ ಅರ್ಧ ತಲೆ ತನ್ನ ಭಾವನೇ ಎಂದು ಇಬ್ಬರೂ ಬೇರೆ ಬೇರೆಯಾಗಿ ಅವಳ ಹತ್ತಿರ ಗುಟ್ಟು ಹೇಳಿದ್ದರು.

ಐದನೆಯ ಫಾರಂ ಮುಗಿಸಿ ಅವಳು ಒಲೆ ಆರಿಸಿದಳು. ಆದರೂ ಮನಸ್ಸಿನಲ್ಲಿ ಒಂದು ಮುಳ್ಳು. ನಾನು ನಗುತ್ತಿರುವುದು ಪುಸ್ತಕಕ್ಕೋ, ನಮ್ಮವರು ಎಂಬುದಕ್ಕೋ? ಬೇರೆ ಯಾರಾದರೂ ಬರೆದಿದ್ದರೆ ನಗುತ್ತಿದ್ದೆನೆ? ಈ ಪ್ರಶ್ನೆಗೆ ಉತ್ತರ ಹೇಳುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಸೂಜಿಗೆ ದಾರ ಪೋಣಿಸಿ, ಮೇಣ ಸವರಿ, ಮೊದಲ ಫಾರಂನಿಂದ ಹೊಲಿಯಲು ಕೂತಳು. ಆರು ಓದಿ ಆರು ಹೊಲಿದಳು, ಏಳು ಓದಿ ಏಳು ಹೊಲಿದಳು.

ಎಂಟನೆಯದರಲ್ಲಿ ಏಣಿ ಬಂತು. ರಾಕ್ಷಸ ದಂತವೈದ್ಯನ ಮಹಡಿಗೆ ಹತ್ತಲು ಏಣಿ ತರುತ್ತಾನೆ. ಅದರಲ್ಲಿ ಒಂದು ಮೆಟ್ಟಿಲಿಲ್ಲ. ಮೆಟ್ಟಿಲು ಎಲ್ಲಿ ಹೋಯಿತು ಎಂದು ಮೂರೂವರೆ ತಲೆಗಳು ಸಭೆ ಸೇರುತ್ತವೆ. ಒಂದು ತಲೆ, ಅದು ಮೊದಲೇ ಇರಲಿಲ್ಲ ಎನ್ನುತ್ತದೆ. ಇನ್ನೊಂದು, ತಾನು ದಿನಾ ಎಣಿಸುತ್ತಿದ್ದೆ ಎನ್ನುತ್ತದೆ. ಮೂರನೆಯದು ಇಬ್ಬರ ನಡುವೆ ಕುತ್ತಿಗೆ ತಿರುಗಿಸಿ ತಿರುಗಿಸಿ, ‘ಅವರು ಚೆನ್ನಾಗಿದ್ದೀರಾ ಅಂತ ಕೇಳ್ತಿದ್ದಾರೆ,’ ಎನ್ನುತ್ತದೆ. ದಾರದಕ್ಕ ತನ್ನನ್ನು ತಾನು ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು. ಕೊನೆಗೆ ವೈದ್ಯ ರಾಕ್ಷಸನ ಬಾಯೊಳಗೆ ದೀಪ ಹಿಡಿದು, ‘ಇಲ್ಲಿ ಏನೋ ಸಿಕ್ಕಿಕೊಂಡಿದೆ,’ ಎನ್ನುವಲ್ಲಿಗೆ ಎಂಟನೆಯ ಫಾರಂ ಮುಗಿಯಿತು.

ಇಂಥ ಜಾಗದಲ್ಲಿ ನಿಲ್ಲಿಸಿ ಹೊಲಿಯುವುದು ಯಾರಿಗೆ ಸಾಧ್ಯ? ಅವಳು ಎಂಟನ್ನು ಪಕ್ಕಕ್ಕಿಟ್ಟು ಒಂಬತ್ತನ್ನು ಎತ್ತಿಕೊಂಡಳು. ಸಿಕ್ಕಿಕೊಂಡಿದ್ದು ಹನ್ನೆರಡನೆಯ ಮೆಟ್ಟಿಲು. ಅರ್ಧ ತಲೆ ಅದರಲ್ಲಿ ಹಲ್ಲು ಚುಚ್ಚಿಕೊಳ್ಳಲು ಹೋಗಿ ಅಲ್ಲೇ ಮರೆತಿತ್ತು, ಕಿವಿ ಇಲ್ಲದ್ದರಿಂದ ಸಭೆಯಲ್ಲಿ ಏನು ಚರ್ಚೆ ನಡೆಯುತ್ತಿದೆ ಎಂಬುದೂ ಅದಕ್ಕೆ ತಿಳಿದಿರಲಿಲ್ಲ. ದಾರದಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೊರಗಿನಿಂದ ಗ್ರಂಥಪಾಲಕಿ ಬಂದು ಬಾಗಿಲು ಮುಚ್ಚಿ ಹೋದಳು. ಕಣ್ಣೀರು ಒರೆಸಿಕೊಳ್ಳುತ್ತ, ಭುಜ ಕುಲುಕುತ್ತ, ಕೈಯಲ್ಲಿದ್ದುದನ್ನು ಹೊಲಿದಳು. ಆಮೇಲೆ ಪಕ್ಕದಲ್ಲಿದ್ದುದನ್ನು ಹೊಲಿದಳು. ಸಂಜೆಯ ಹೊತ್ತಿಗೆ ಹದಿನಾಲ್ಕೂ ಮುಗಿದವು. ರಟ್ಟು ಹಾಕಿ, ಒತ್ತುಯಂತ್ರದಲ್ಲಿಟ್ಟು ಮನೆಗೆ ಹೋದಳು. ಕೇಳಿದ್ದಕ್ಕೆ, “ನಾಳೆ ಕಪಾಟಿಗೆ ಬರತ್ತೆ,” ಎಂದಷ್ಟೇ ಹೇಳಿದಳು.

ಮರುದಿನ ಬೆಳಿಗ್ಗೆ ಗಂಡ ಅಂಗಡಿಗೆ ಹೋಗುತ್ತೇನೆಂದು ಹೇಳಿ ಹೊರಟ. ಅಣ್ಣ ಕ್ಷೌರಕ್ಕೆ ಹೋಗುತ್ತೇನೆಂದು ಹೇಳಿ ಹೊರಟ. ಹನ್ನೊಂದು ಗಂಟೆಗೆ ಇಬ್ಬರೂ ಗ್ರಂಥಾಲಯದ ಕಾದಂಬರಿ ಕಪಾಟಿನ ಮುಂದೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು.

“ಅಂಗಡಿ ಇಲ್ಲಿಗೆ ಬಂತಾ ಭಾವ?” ಎಂದ ಅಣ್ಣ.

“ಕೂದಲು ಇನ್ನೂ ಇದೆಯಲ್ಲ ಭಾವ,” ಎಂದ ಗಂಡ.

ಇಬ್ಬರೂ ಸೇರಿ ಪುಸ್ತಕ ಇಳಿಸಿ, ನಡುಭಾಗಕ್ಕೆ ತೆರೆದರು. ಬಿಳಿ ದಾರ. ಅಣ್ಣ ತನ್ನ ಲೆಕ್ಕದಲ್ಲಿ ಪಿಸುಗುಟ್ಟಿದ, “ಹೊಲಿದಿದ್ದಾಳೆ.” ಗ್ರಂಥಾಲಯವೆಲ್ಲ ತಿರುಗಿ ನೋಡಿತು. ಹಿಂದಿನ ಕೋಣೆಯಲ್ಲಿ ದಾರದಕ್ಕನಿಗೂ ಕೇಳಿಸಿತು, ಅವಳು ತಲೆ ತಗ್ಗಿಸಿಕೊಂಡು ನಕ್ಕಳು. ನರ್ಸಮ್ಮ ಕುರ್ಚಿ ಬಿಟ್ಟು ಎದ್ದು ಬಂದು ಸರದಿ ಕಾಯುವವರಂತೆ ಹಿಂದೆ ನಿಂತರು. ಗಡಿಯಾರದವನು ಸಂತೋಷದಲ್ಲಿ ಏನು ಮಾಡಬೇಕೆಂದು ತಿಳಿಯದೆ, ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದ. ಪುಟಗಳ ಅಂಕಿ ನೋಡುತ್ತ ಹೋದ. ನೋಡುತ್ತ ನೋಡುತ್ತ ಅವನ ಮುಖ ಬಾಡಿತು.

“ನೂರಾ ಹನ್ನೆರಡು ಆದ್ಮೇಲೆ ನೂರಾ ಇಪ್ಪತ್ತೊಂಬತ್ತು ಬಂದಿದೆ.”

“ಅಂದ್ರೆ?”

“ಅಂದ್ರೆ ಅವಳು ಓದಿಲ್ಲ. ಓದಿದ್ರೆ ಹೀಗೆ ಹೊಲಿಯೋಕೆ ಆಗ್ತಿತ್ತಾ? ಕಣ್ಣು ಮುಚ್ಕೊಂಡು ಸೂಜಿ ಆಡ್ಸಿದ್ದಾಳೆ. ನಮಗೆ ಬೇಜಾರಾಗ್ಬಾರ್ದು ಅಂತ.”

ಅಣ್ಣ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟ. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ದನಿ ನಿಜವಾಗಿ ಕೆಳಗಿಳಿಯಿತು. “ಮೊದಲ ಅಧ್ಯಾಯ ನೋಡಿ ಪುಸ್ತಕ ಮುಚ್ಚಿರ್ತಾಳೆ,” ಎಂದ.

“ಮೊದಲ ಅಧ್ಯಾಯ ನಿಮ್ದು.”

“ಎರಡ್ನೇದು ಇನ್ನೂ ಕೆಟ್ಟದಾಗಿದೆ. ಒಂದು ಪುಟ ಬಾಯಿ ಮುಕ್ಕಳಿಸ್ತಾನೆ.”

“ಹಲ್ಲುನೋವಿನವನು ಮುಕ್ಕಳಿಸ್ದೆ ಮತ್ತೇನು ಬಸ್ಸಿನ ಪ್ರಕಟಣೆ ಕೂಗ್ಬೇಕಾ?”

ಬಾಗಿಲಿಗೆ ಬಂದಿದ್ದ ದಾರದಕ್ಕ ಅಲ್ಲೇ ನಿಂತಳು. ಆ ದನಿ ಅವಳಿಗೆ ಪರಿಚಯ. ಏಣಿ ಮರಳಿ ಬಂದ ದಿನ ಕೇಳಿದ್ದು ಇದೇ ದನಿ. ಹೋಗಿ ಗಂಡನ ಕೈಯಿಂದ ಪುಸ್ತಕ ತೆಗೆದುಕೊಂಡು ನೋಡಿದಳು. ಏಳು, ಒಂಬತ್ತು, ಎಂಟು, ಹತ್ತು. ಹಳೆಯ ಬೈಂಡರು ಎಲ್ಲಿದ್ದರೋ ಅಲ್ಲಿಂದಲೇ ತಲೆಯಾಡಿಸುತ್ತಿರಬೇಕು. ಇಪ್ಪತ್ತಾರು ವರ್ಷಗಳ ಜಂಬ ಒಂದು ಕ್ಷಣದಲ್ಲಿ ಇಳಿದುಹೋಯಿತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಸುತ್ತ ಐದಾರು ಓದುಗರು ಸೇರಿದ್ದರು. ಏನೋ ಅವಸರದಲ್ಲಿ ಆಯಿತು ಎಂದು ಅಡ್ಡಗೋಡೆಯ ಮೇಲೆ ದೀಪ ಇಡಬಹುದಿತ್ತು, ಅವಳು ಇಡಲಿಲ್ಲ.

“ಮೊದಲ ಎರಡು ಫಾರಂ ಕೆಟ್ಟದಾಗಿದೆ,” ಎಂದಳು. “ರಾಕ್ಷಸ ಒಂದೇ ಬೆಟ್ಟ ಎರಡು ಸಲ ಇಳೀತಾನೆ. ಅಲ್ಲಿ ಓದಿ ನಾನು ಒಲೆ ಹಚ್ಚಿ ಅಂಟು ಕಾಯೋಕೆ ಇಟ್ಟಿದ್ದೆ.”

ಇಬ್ಬರೂ ಜಗಳ ನಿಲ್ಲಿಸಿ ಅವಳ ಮುಖ ನೋಡಿದರು. ಬೈಸಿಕೊಂಡೂ ಅವರ ಕಣ್ಣಲ್ಲಿ ಆಸೆ ಹುಟ್ಟಿದ್ದು ವಿಚಿತ್ರವೇ ಸರಿ.

“ನಾಲ್ಕನೇ ಫಾರಂನಲ್ಲಿ ನಿಮ್ಮ ಟಿಪ್ಪಣಿ ಶುರುವಾಯ್ತು. ಅಲ್ಲಿ ನಗು ಬಂತು. ಐದಕ್ಕೆ ಒಲೆ ಆರಿಸ್ದೆ. ಎಂಟ್ರಲ್ಲಿ ಏಣಿ ಬಂತು. ಆ ಮೂರನೇ ತಲೆ ನಾನೇ ಅಂತ ಗೊತ್ತಾಯ್ತು. ಅದರ ವಿಚಾರ ಮನೇಲಿ ಮಾತಾಡೋಣ. ವೈದ್ಯ ದೀಪ ಹಿಡಿದಾಗ ನನಗೆ ಹೊಲಿಯೋವರೆಗೆ ತಡೆಯೋಕೆ ಆಗ್ಲಿಲ್ಲ. ಎಂಟನ್ನ ಪಕ್ಕಕ್ಕಿಟ್ಟು ಒಂಬತ್ತು ಓದ್ದೆ. ನಕ್ಕು ನಕ್ಕು ಕಣ್ಣು ಕಾಣಿಸ್ತಿರ್ಲಿಲ್ಲ. ಕೈಯಲ್ಲಿ ಏನಿತ್ತೋ ಅದನ್ನೇ ಹೊಲಿದೆ.”

ಹೇಳುತ್ತ ಹೇಳುತ್ತ ದಾರದಕ್ಕನಿಗೇ ಒಂದು ಸಂಗತಿ ಹೊಳೆಯಿತು. ನಿನ್ನೆ ಕೋಣೆಯಲ್ಲಿ ಉತ್ತರ ಹೇಳುವವರಿಲ್ಲದೆ ಮುಳ್ಳಿನಂತೆ ಉಳಿದಿದ್ದ ಪ್ರಶ್ನೆಗೆ ಅವಳ ಕೈಯೇ ಉತ್ತರ ಹೇಳಿತ್ತು.

“ಇಷ್ಟು ವರ್ಷದಲ್ಲಿ ಬೇಜಾರಿನ ಪುಸ್ತಕ ಎಷ್ಟು ಕಟ್ಟಿದ್ದೀನೋ ಲೆಕ್ಕ ಇಲ್ಲ,” ಎಂದಳು. “ಒಂದೂ ಹಿಂದೆಮುಂದೆ ಆಗಿಲ್ಲ. ಕೈ ತನ್ನ ಪಾಡಿಗೆ ಕೆಲಸ ಮಾಡ್ತಿರತ್ತೆ. ಒಳ್ಳೇ ಪುಸ್ತಕವೂ ಕಟ್ಟಿದ್ದೀನಿ, ಆಗ್ಲೂ ಆಗಿಲ್ಲ. ನಮ್ಮವರು ಬರೆದದ್ದು ಅಂತ ಬಾಯಲ್ಲಿ ನಗಬಹುದು. ನಮ್ಮವರು ಅಂತ ನನ್ನ ಕೈ ತಪ್ಪಲ್ಲ.”

ಗಂಡ ಕನ್ನಡಕ ತೆಗೆದು ಒರೆಸಿಕೊಂಡ. ಕನ್ನಡಕ ಸ್ವಚ್ಛವಾಗಿಯೇ ಇತ್ತು. ಅಣ್ಣ ಸ್ಟೂಲಿನಿಂದ ಎದ್ದು ನಿಂತ. ನರ್ಸಮ್ಮ ಹಿಂದಿನಿಂದ ಕೈ ಚಾಚಿ ಪುಸ್ತಕ ಹಿಡಿದುಕೊಂಡರು.

“ಕೊಡಿ, ಬಿಚ್ಚಿ ಸರಿ ಮಾಡ್ಕೊಡ್ತೀನಿ. ನಾಳೆ ತಗೊಳ್ಳಿ,” ಎಂದಳು ದಾರದಕ್ಕ.

“ಏನೂ ಬೇಡ. ಎಂಟಕ್ಕಿಂತ ಮೊದಲು ಒಂಬತ್ತು ಇದೆ ಅಂತ ಗೊತ್ತಾಯ್ತಲ್ಲ, ಪುಟ ತಿರುಗ್ಸಿ ಓದ್ಕೊಳ್ಳೋಕೆ ನನಗೆ ಕೈ ಇಲ್ವಾ?” ಎನ್ನುತ್ತ ನರ್ಸಮ್ಮ ಪುಸ್ತಕವನ್ನು ಚೀಲಕ್ಕೆ ಹಾಕಿಯೇಬಿಟ್ಟರು. ಅವರ ಹಿಂದೆ ನಿಂತಿದ್ದವರು ಅವರಾದ ಮೇಲೆ ತನಗೆ, ತನಗೆ ಎಂದು ಗ್ರಂಥಪಾಲಕಿಯ ಹತ್ತಿರ ಹೆಸರು ಬರೆಸಿದರು.

ಭಾವಂದಿರಿಬ್ಬರೂ ಒಟ್ಟಿಗೆ ಮೆಟ್ಟಿಲಿಳಿದು ಹೋದರು. ಬೀದಿಯ ತಿರುವಿನವರೆಗೂ ಅಣ್ಣನ ದನಿ ಕೇಳಿಸುತ್ತಿತ್ತು. ರಾಕ್ಷಸ ಒಂದೇ ಸಲ ಇಳಿಯುವುದಾದರೆ ಯಾರ ಬೆಟ್ಟ ಉಳಿಯಬೇಕು ಎಂಬ ಬಗ್ಗೆ ಬಿಸಿಬಿಸಿ ಚರ್ಚೆ ನಡೆದಿತ್ತು. ಸಂಜೆ ದಾರದಕ್ಕ ಮನೆಗೆ ಹೋದಾಗ ಮೇಜಿನ ಮೇಲೆ ಎರಡು ಲೋಟ ಇದ್ದವು, ಅವಳಿಗೆಂದು ಮುಚ್ಚಿಟ್ಟ ಮೂರನೆಯದೂ ಇತ್ತು.

ನರ್ಸಮ್ಮ ಪುಸ್ತಕ ಹಿಂದಿರುಗಿಸಿದಾಗ ದಾರದಕ್ಕ ಅದನ್ನು ಬಿಚ್ಚಬೇಕೆಂದು ಕತ್ತರಿ ಹಿಡಿದಿದ್ದಳು. ಮುಂದಿನ ಸರದಿಯವರು ಬಾಗಿಲಲ್ಲೇ ನಿಂತಿದ್ದರು. ಅವಳು ಕತ್ತರಿ ಕೆಳಗಿಟ್ಟು, ಒಂದು ಚೀಟಿ ಬರೆದು, ಹೊದಿಕೆಯ ಒಳಭಾಗಕ್ಕೆ ಅಂಟಿಸಿ ಕೊಟ್ಟಳು. ಅಂದಿನಿಂದ ಆ ಒಂದು ಪುಸ್ತಕದಲ್ಲಿ ಮಾತ್ರ ಯಾರೂ ನಡುಭಾಗ ತೆರೆದು ದಾರ ಹುಡುಕುವುದಿಲ್ಲ. ಮೊದಲು ಚೀಟಿ ಓದುತ್ತಾರೆ, ಓದಿ ಮನೆಗೆ ಒಯ್ಯುತ್ತಾರೆ. ಚೀಟಿಯಲ್ಲಿ ಹೀಗಿದೆ:

‘ಮೊದಲ ಎರಡು ಫಾರಂ ತಾಳ್ಮೆಯಿಂದ ಓದಿ. ಎಂಟು, ಒಂಬತ್ತು ಅದಲುಬದಲಾಗಿವೆ. ಅದು ಬರೆದವರ ತಪ್ಪಲ್ಲ, ನನ್ನದು. ಹೊಲಿಯುವಾಗ ನಗುತ್ತಿದ್ದೆ.’